ಕಾಜಿಯಾಡೊದ ಮಾಸಾಯಿ ಗವರ್ನರ್ ಜೋಸೆಫ್ ಓಲೆ ಲೆಂಕು: ಪದೇ ಪದೇ ಕೇಳುವ ಪ್ರಶ್ನೆಗಳು

ಪೂರ್ವ ಆಫ್ರಿಕಾದ ದನಗಾಹಿ ಸಮುದಾಯವಾದ ಮಾಸಾಯಿ ಎಂದೊಡನೆ ನಮ್ಮ ಓದುಗರ ಕಣ್ಣಮುಂದೆ ಬರುವುದು ಕೆಂಪು ಹೊದಿಕೆ, ಈಟಿ, ನಿಂತಲ್ಲೇ ಎತ್ತರಕ್ಕೆ ಜಿಗಿಯುವ ಯುವಕರು. ಅದೇ ಸಮುದಾಯದ ಜೋಸೆಫ್ ಓಲೆ ಲೆಂಕು ಕೆನ್ಯಾದ ಕಾಜಿಯಾಡೊ ಕೌಂಟಿಯ ಗವರ್ನರಾಗಿ ಬಜೆಟ್ ಮಂಡಿಸುತ್ತಾರೆ, ಟಾಟಾ ಕಂಪನಿಯಿಂದ ತೆರಿಗೆ ಕೇಳುತ್ತಾರೆ ಎಂದರೆ ಪ್ರಶ್ನೆಗಳ ಸಾಲೇ ಶುರುವಾಗುತ್ತದೆ. ಹಾಗೆ ಮಾತಿನ ನಡುವೆ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮೊದಲಿನವು ಪರಿಚಯಕ್ಕೆ, ಕೆನ್ಯಾದ ರಾಜಕೀಯ ಬಲ್ಲವರು ನೇರವಾಗಿ ಮೂರನೆಯ ಭಾಗಕ್ಕೆ ಹೋಗಬಹುದು.

ಭಾಗ 1: ಪರಿಚಯ

ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತೆಯೇ ಅಲ್ಲವೇ?

ಅಲ್ಲವೇ ಅಲ್ಲ. ನಮ್ಮ ರಾಜ್ಯಪಾಲರನ್ನು ದೆಹಲಿ ನೇಮಿಸುತ್ತದೆ. ಕೆನ್ಯಾದ ಗವರ್ನರನ್ನು ಜನ ನೇರವಾಗಿ ಮತ ಹಾಕಿ ಆರಿಸುತ್ತಾರೆ. 2010ರ ಸಂವಿಧಾನ ದೇಶವನ್ನು 47 ಕೌಂಟಿಗಳಾಗಿ ವಿಂಗಡಿಸಿತು. 2013ರ ಮಾರ್ಚ್‌ನ ಚುನಾವಣೆಯೊಂದಿಗೆ ಆ ವ್ಯವಸ್ಥೆ ಜಾರಿಗೆ ಬಂತು. ಅವಧಿ ಐದು ವರ್ಷ. ಒಬ್ಬರಿಗೆ ಎರಡೇ ಅವಧಿ. ಗವರ್ನರ್ ತಮ್ಮದೇ ಕಾರ್ಯಕಾರಿ ಮಂಡಳಿ ಕಟ್ಟಿಕೊಳ್ಳುತ್ತಾರೆ, ಕೌಂಟಿ ವಿಧಾನಸಭೆಗೆ ಬಜೆಟ್ ಒಪ್ಪಿಸುತ್ತಾರೆ. ಸಭೆಯ ಮೂರನೇ ಎರಡರಷ್ಟು ಸದಸ್ಯರು ತಿರುಗಿಬಿದ್ದರೆ ಮಹಾಭಿಯೋಗ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ಹೋಗುತ್ತದೆ. ಅಧಿಕಾರದ ಸ್ವರೂಪ ಮುಖ್ಯಮಂತ್ರಿಯದಕ್ಕೆ ಹತ್ತಿರ, ಆಳುವ ಪ್ರದೇಶ ದೊಡ್ಡ ಜಿಲ್ಲೆಯಷ್ಟು. ಆದ್ದರಿಂದ ಈ ಬರಹದಲ್ಲಿ ‘ರಾಜ್ಯಪಾಲ’ ಎಂಬ ಪದವನ್ನು ಬೇಕೆಂದೇ ಬಿಟ್ಟಿದ್ದೇನೆ.

ಕಾಜಿಯಾಡೊ ಎಲ್ಲಿದೆ? ಅದು ಪೂರ್ತಿ ಮಾಸಾಯಿಗಳ ನಾಡೇ?

ರಾಜಧಾನಿ ನೈರೋಬಿಯ ದಕ್ಷಿಣ ಅಂಚಿನಿಂದ ತಾಂಜಾನಿಯಾ ಗಡಿಯವರೆಗೆ ಹಬ್ಬಿದ, ಸುಮಾರು 21,900 ಚದರ ಕಿಲೋಮೀಟರ್ ವಿಸ್ತಾರದ ಕೌಂಟಿ ಇದು. ನಮ್ಮ ಬೆಳಗಾವಿ ಜಿಲ್ಲೆಯ ಒಂದೂವರೆಪಟ್ಟಿಗಿಂತ ದೊಡ್ಡದು. ಉತ್ತರದಲ್ಲಿ ಎನ್‌ಗಾಂಗ್, ಒಂಗಾಟಾ ರೊಂಗಾಯ್, ಕಿಟೆಂಗೆಲಾ ಎಂಬ ಕಿಕ್ಕಿರಿದ ಪಟ್ಟಣಗಳಿವೆ. ಬೆಳಗ್ಗೆ ಅಲ್ಲಿಂದ ನೈರೋಬಿಗೆ ಕೆಲಸಕ್ಕೆ ಹೋಗುವವರ ಸಾಲು ಮುಗಿಯುವುದಿಲ್ಲ. ಪಶ್ಚಿಮದಲ್ಲಿ ಮಗಾಡಿ ಸೋಡಾ ಸರೋವರ, ದಕ್ಷಿಣದಲ್ಲಿ ಕಿಲಿಮಾಂಜಾರೊ ಬೆಟ್ಟದ ನೆರಳಿನ ಲೊಯ್ಟೊಕಿಟೊಕ್ ಪಟ್ಟಣ ಮತ್ತು ಅಂಬೋಸೆಲಿ ವನ್ಯಜೀವಿ ಉದ್ಯಾನ.

ಚರಿತ್ರೆಯ ಲೆಕ್ಕದಲ್ಲಿ ಮಾಸಾಯಿಗಳ ನಾಡು ನಿಜ. 1904 ಮತ್ತು 1911ರ ಒಪ್ಪಂದಗಳ ಮೂಲಕ ಬ್ರಿಟಿಷರು ಅವರನ್ನು ಒಳ್ಳೆಯ ಹುಲ್ಲುಗಾವಲುಗಳಿಂದ ಎಬ್ಬಿಸಿ ದಕ್ಷಿಣದ ಮೀಸಲು ಪ್ರದೇಶಕ್ಕೆ ತಳ್ಳಿದರು. ಇಂದಿನ ಕಾಜಿಯಾಡೊ ಮತ್ತು ನರೋಕ್ ಕೌಂಟಿಗಳು ಆ ಮೀಸಲಿನ ಉತ್ತರಾಧಿಕಾರಿಗಳು. ಜನಗಣತಿಯ ಲೆಕ್ಕದಲ್ಲಿ ಮಾತ್ರ ಚಿತ್ರ ಬೇರೆ: 2009ರಲ್ಲಿ 6,87,312 ಇದ್ದ ಜನಸಂಖ್ಯೆ 2019ಕ್ಕೆ 11,17,840ಕ್ಕೆ ಏರಿತು. ಹತ್ತೇ ವರ್ಷದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು! ಈ ಏರಿಕೆಯ ಬಹುಪಾಲಿಗೆ ಕಾರಣ ರಾಜಧಾನಿಯಿಂದ ಇತ್ತ ಚೆಲ್ಲಿದ ಇತರ ಸಮುದಾಯಗಳವರು. ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿಗೇ ಬಂದು ನಿಲ್ಲುತ್ತವೆ.

ಜೋಸೆಫ್ ಓಲೆ ಲೆಂಕು ಯಾರು, ನಾಲ್ಕು ಮಾತಿನಲ್ಲಿ ಹೇಳಿ.

ಹೋಟೆಲ್ ಉದ್ಯಮದಲ್ಲಿ ಪಳಗಿದವರು. 2013ರಲ್ಲಿ ಅಧ್ಯಕ್ಷ ಉಹುರು ಕೆನ್ಯಾಟಾ ಅವರ ಸಂಪುಟದಲ್ಲಿ ಆಂತರಿಕ ಭದ್ರತೆಯ ಸಚಿವರಾದರು, 2014ರ ಡಿಸೆಂಬರ್‌ನಲ್ಲಿ ಹುದ್ದೆ ಕಳೆದುಕೊಂಡರು. 2017ರಲ್ಲಿ ಕಾಜಿಯಾಡೊದ ಎರಡನೆಯ ಗವರ್ನರಾಗಿ ಗೆದ್ದು 2022ರಲ್ಲಿ ಮರು ಆಯ್ಕೆಯಾದರು.

ಭಾಗ 2: ರಾಜಕೀಯದ ಹಾದಿ

ಹೋಟೆಲ್ ನಡೆಸುತ್ತಿದ್ದವರಿಗೆ ಗೃಹ ಖಾತೆ ಕೊಟ್ಟದ್ದಾದರೂ ಯಾಕೆ?

ಕೆನ್ಯಾದ ಹೊಸ ಸಂವಿಧಾನದಲ್ಲಿ ಸಂಸದರು ಸಂಪುಟ ಸೇರುವಂತಿಲ್ಲ. 2013ರಲ್ಲಿ ಅಧ್ಯಕ್ಷರು ಚುನಾವಣಾ ರಾಜಕೀಯದ ಹೊರಗಿನವರನ್ನೇ ಹೆಚ್ಚಾಗಿ ಹುಡುಕಬೇಕಾಯಿತು. ಆಡಳಿತದ ಅನುಭವ, ಪ್ರಾದೇಶಿಕ ಸಮತೋಲ ಎರಡನ್ನೂ ನೋಡಿ ಹೆಸರು ಆರಿಸಲಾಯಿತು. ಭದ್ರತೆಯ ಅನುಭವವಿಲ್ಲ ಎಂಬ ಟೀಕೆ ಲೆಂಕು ಅವರ ಬಗ್ಗೆ ಮೊದಲ ದಿನದಿಂದಲೂ ಇತ್ತು.

ಇಲ್ಲೊಂದು ಕುತೂಹಲದ ಸಂಗತಿ. ಆ ವರ್ಷಗಳಲ್ಲಿ ಈ ಖಾತೆ ಹೆಚ್ಚುಕಡಿಮೆ ಕಾಜಿಯಾಡೊದವರ ಸ್ವತ್ತಿನಂತೆಯೇ ಸಾಗಿತ್ತು. 2012ರ ಜೂನ್‌ನಲ್ಲಿ ಹೆಲಿಕಾಪ್ಟರ್ ದುರಂತದಲ್ಲಿ ಮಡಿದ ಸಚಿವ ಜಾರ್ಜ್ ಸೈಟೋಟಿ ಕಾಜಿಯಾಡೊ ಉತ್ತರದ ಸಂಸದ. ಆ ವರ್ಷವೇ ಅದನ್ನು ವಹಿಸಿಕೊಂಡ ಕಟೂ ಓಲೆ ಮೆಟಿಟೊ ಕಾಜಿಯಾಡೊ ದಕ್ಷಿಣದವರು. ಆಮೇಲೆ ಲೆಂಕು. ಲೆಂಕು ಅವರ ಜಾಗಕ್ಕೆ ಬಂದ ನಿವೃತ್ತ ಮೇಜರ್ ಜನರಲ್ ಜೋಸೆಫ್ ಎನ್ಕೈಸೆರಿ ಅದುವರೆಗೆ ಕಾಜಿಯಾಡೊ ಕೇಂದ್ರದ ಸಂಸದರಾಗಿದ್ದವರು. ಸಣ್ಣ ಸಮುದಾಯವೊಂದರ ಪಾಲಿಗೆ ಇದು ಗೌರವವೂ ಹೌದು, ಮೈಮೇಲೆ ಎಳೆದುಕೊಂಡ ಬೆಂಕಿಯೂ ಹೌದು.

ವೆಸ್ಟ್‌ಗೇಟ್ ದಾಳಿಯ ಸಮಯದಲ್ಲಿ ಅವರು ಏನು ತಪ್ಪು ಮಾಡಿದರು?

2013ರ ಸೆಪ್ಟೆಂಬರ್ 21ರಂದು ನೈರೋಬಿಯ ವೆಸ್ಟ್‌ಗೇಟ್ ಮಾಲ್‌ಗೆ ಸೊಮಾಲಿಯಾದ ಉಗ್ರ ಸಂಘಟನೆ ಅಲ್-ಶಬಾಬ್‌ನ ಬಂದೂಕುಧಾರಿಗಳು ನುಗ್ಗಿದರು. ನಾಲ್ಕು ದಿನಗಳ ಆ ಮುತ್ತಿಗೆಯಲ್ಲಿ 67 ಜನ ಸತ್ತರು. ಅವರಲ್ಲಿ ಭಾರತ ಮೂಲದವರೂ ಇದ್ದರು. ಸರ್ಕಾರದ ಪರವಾಗಿ ದಿನವೂ ಮಾಧ್ಯಮಗಳ ಮುಂದೆ ನಿಂತವರು ಲೆಂಕು. ಕಟ್ಟಡದಿಂದ ಕಪ್ಪು ಹೊಗೆ ಏಳುತ್ತಿದ್ದಾಗ, ಉಗ್ರರು ಹಾಸಿಗೆಗಳಿಗೆ ಬೆಂಕಿ ಹಚ್ಚಿದ್ದಾರೆ ಎಂದರು. ಒಳಗೆ ಹತ್ತರಿಂದ ಹದಿನೈದು ಮಂದಿ ಇದ್ದಾರೆ ಎಂದರು. ಕೊನೆಗೆ ಲೆಕ್ಕಕ್ಕೆ ಸಿಕ್ಕವರು ನಾಲ್ವರು. ಸೇನೆ ಮತ್ತು ಪೊಲೀಸರ ನಡುವೆ ಹೊಂದಾಣಿಕೆ ಕುಸಿದಿದ್ದರ ಹೊಣೆ ಅವರೊಬ್ಬರದಲ್ಲ. ಆದರೆ ತಿಳಿಯದ್ದನ್ನು ತಿಳಿದಂತೆ ಹೇಳಿದ ಮುಖ ಅವರದು, ಜನ ನೆನಪಿಟ್ಟುಕೊಂಡದ್ದೂ ಅದನ್ನೇ.

ಮರುವರ್ಷ ಕರಾವಳಿ ಭಾಗದ ಎಂಪೆಕೆಟೋನಿಯ ಹತ್ಯಾಕಾಂಡ ನಡೆಯಿತು. ನವೆಂಬರ್‌ನಲ್ಲಿ ಸೊಮಾಲಿಯಾ ಗಡಿಯ ಮಂಡೇರಾದಲ್ಲಿ ಉಗ್ರರು ಬಸ್ಸಿನಿಂದ ಇಳಿಸಿ 28 ಮಂದಿಯನ್ನು ಕೊಂದರು. ಡಿಸೆಂಬರ್ 2ರಂದು ಅದೇ ಪ್ರದೇಶದ ಕಲ್ಲುಗಣಿಯಲ್ಲಿ 36 ಕಾರ್ಮಿಕರ ಕೊಲೆಯಾಯಿತು. ಅದೇ ದಿನ ಅಧ್ಯಕ್ಷರು ಲೆಂಕು ಅವರನ್ನು ಕೈಬಿಟ್ಟರು. ಪೊಲೀಸ್ ಮುಖ್ಯಸ್ಥರೂ ಹುದ್ದೆ ಬಿಟ್ಟರು.

ಅಷ್ಟು ಹೆಸರು ಕೆಡಿಸಿಕೊಂಡವರು ಮೂರು ವರ್ಷದೊಳಗೆ ಗೆದ್ದದ್ದು ಹೇಗೆ?

ನೈರೋಬಿಯ ಪತ್ರಿಕೆಗಳ ಅವಹೇಳನ ಊರಿನಲ್ಲಿ ಬೇರೆ ರೀತಿ ಕೇಳಿಸುತ್ತದೆ. ‘ನಮ್ಮ ಹುಡುಗನನ್ನು ಬಲಿ ಕೊಟ್ಟರು’ ಎಂಬ ಭಾವನೆ ಅಲ್ಲಿ ಕೆಲಸ ಮಾಡಿತು. ಜೊತೆಗೆ ಪಕ್ಷದ ಗಣಿತ. 2013ರಲ್ಲಿ ಗೆದ್ದಿದ್ದ ಮೊದಲ ಗವರ್ನರ್ ಡೇವಿಡ್ ಎನ್ಕೆಡಿಯಾನೆ ವಿರೋಧ ಪಕ್ಷವಾದ ಒಡಿಎಂನವರು. 2017ರಲ್ಲಿ ಲೆಂಕು ಆಡಳಿತಾರೂಢ ಜುಬಿಲಿ ಪಕ್ಷದಿಂದ ನಿಂತರು. ಉತ್ತರದ ಪಟ್ಟಣಗಳಲ್ಲಿ ನೆಲೆಸಿದ, ಉಹುರು ಅವರದೇ ಸಮುದಾಯವಾದ ಕಿಕುಯು ಮತದಾರರಲ್ಲಿ ಉಹುರು ಅಲೆ ಜೋರಾಗಿತ್ತು. ಮಾಸಾಯಿ ಮತಗಳು ಒಡೆದರೂ ಪಟ್ಟಣದ ಮತ ಕೈಹಿಡಿಯಿತು.

2022ರಲ್ಲಿ ಲೆಂಕು ನಿಂತದ್ದು ಅದೇ ಒಡಿಎಂ ಟಿಕೆಟ್‌ನಲ್ಲಿ! ಎದುರಾಳಿ ವಿಲಿಯಂ ರುಟೊ ಅವರ ಯುಡಿಎ ಪಕ್ಷದ ಕಟೂ ಓಲೆ ಮೆಟಿಟೊ. ದೇಶದಲ್ಲಿ ರುಟೊ ಗೆದ್ದು ಅಧ್ಯಕ್ಷರಾದರು, ಕಾಜಿಯಾಡೊದಲ್ಲಿ ಲೆಂಕು ಗೆದ್ದರು. ನಮ್ಮಲ್ಲಿ ಇದನ್ನು ಪಕ್ಷಾಂತರ ಎಂದು ಬೈಯುತ್ತೇವೆ; ಅಲ್ಲಿ ಪಕ್ಷವೆಂಬುದು ಚುನಾವಣೆಯಿಂದ ಚುನಾವಣೆಗೆ ಕಟ್ಟುವ ಡೇರೆ, ಯಾರೂ ಹುಬ್ಬೇರಿಸುವುದಿಲ್ಲ.

ಹೊರಗಿನವರೇ ಹೆಚ್ಚಿರುವಾಗ ಗವರ್ನರ್ ಸ್ಥಾನ ಮಾಸಾಯಿಗಳಿಗೇ ಯಾಕೆ ಸಿಗುತ್ತಿದೆ?

ಬರೆದಿಡದ ಒಪ್ಪಂದವೊಂದಿದೆ. ವಲಸೆ ಬಂದ ಸಮುದಾಯಗಳು ಪಟ್ಟಣಗಳ ವಾರ್ಡ್ ಸ್ಥಾನಗಳಲ್ಲಿ, ಸಂಸತ್ ಸ್ಥಾನಗಳಲ್ಲಿ ಪಾಲು ಪಡೆಯುತ್ತವೆ. ಮೇಲಿನ ಹುದ್ದೆಯನ್ನು ನೆಲದ ಮಕ್ಕಳಿಗೆ ಬಿಡುತ್ತವೆ. ಮಾಸಾಯಿಗಳೊಳಗೂ ಕಿಸೊಂಗೊ, ಕಪುಟಿಯೆ, ಮಟಪಾಟೊ, ಲೊಡೊಕಿಲಾನಿ, ಕೀಕೊನ್ಯೊಕಿ ಎಂಬ ಒಳಪಂಗಡಗಳಿವೆ. ಅವುಗಳ ಹಿರಿಯರನ್ನು ಕೂರಿಸಿ ಮಾತಾಡದೆ ಯಾರೂ ನಾಮಪತ್ರ ಸಲ್ಲಿಸುವುದಿಲ್ಲ. ಹಿರಿಯರೆಂದರೆ ಗಂಡಸರು ಎಂಬುದನ್ನೂ ಹೇಳಬೇಕು. ಆದರೂ 2013ರಲ್ಲಿ ಕಾಜಿಯಾಡೊ ಪೂರ್ವ ಕ್ಷೇತ್ರದಿಂದ ಪೆರಿಸ್ ಟೋಬಿಕೊ ಗೆದ್ದು, ಕೆನ್ಯಾದಲ್ಲಿ ಸಂಸತ್ತಿಗೆ ಆಯ್ಕೆಯಾದ ಮೊದಲ ಮಾಸಾಯಿ ಮಹಿಳೆ ಎನಿಸಿದರು.

ಭಾಗ 3: ಅಭಿವೃದ್ಧಿಯ ಲೆಕ್ಕ

ಕಾಜಿಯಾಡೊದಲ್ಲಿ ರೈಲು, ಹೆದ್ದಾರಿ, ಗಾಳಿ ವಿದ್ಯುತ್ ಎಲ್ಲ ಬಂದಿದೆಯಲ್ಲ, ಇದೆಲ್ಲ ಲೆಂಕು ಸಾಧನೆಯೇ?

ಬಹುಪಾಲು ಅಲ್ಲ. 2019ರಲ್ಲಿ ನೈರೋಬಿಯಿಂದ ಸುಸ್ವಾವರೆಗೆ ತೆರೆದ ಹೊಸ ರೈಲುಮಾರ್ಗ ರಾಷ್ಟ್ರೀಯ ಸರ್ಕಾರದ್ದು. ನಮಾಂಗಾ ಗಡಿಯ ಜಂಟಿ ತಪಾಸಣಾ ಕೇಂದ್ರ ಕೆನ್ಯಾ, ತಾಂಜಾನಿಯಾ ಎರಡೂ ದೇಶಗಳದ್ದು. 2021ರಲ್ಲಿ ಕೆಲಸ ಶುರುಮಾಡಿದ 100 ಮೆಗಾವಾಟ್‌ನ ಕಿಪೆಟೊ ಗಾಳಿ ವಿದ್ಯುತ್ ಸ್ಥಾವರ ಖಾಸಗಿಯವರದು; ಅದರಲ್ಲಿ ಸ್ಥಳೀಯ ಸಮುದಾಯದ ಟ್ರಸ್ಟ್‌ಗೆ ಶೇ 5ರ ಪಾಲಿದೆ. ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳು ರಾಷ್ಟ್ರೀಯ ಸರ್ಕಾರದ ಹೊಣೆ. ತರಗತಿ ಕೊಠಡಿಗಳನ್ನು ಬಹುತೇಕ ಕಟ್ಟಿಸುವುದು ಸಂಸದರ ಕ್ಷೇತ್ರಾಭಿವೃದ್ಧಿ ನಿಧಿ.

ಸಂವಿಧಾನದ ನಾಲ್ಕನೆಯ ಅನುಸೂಚಿ ಕೌಂಟಿಗೆ ಕೊಟ್ಟಿರುವುದು ಆಸ್ಪತ್ರೆ, ಕೃಷಿ ಮತ್ತು ಪಶುಪಾಲನೆ, ಕೌಂಟಿ ರಸ್ತೆ, ನೀರು, ಮಾರುಕಟ್ಟೆ, ಶಿಶುವಿಹಾರ, ವೃತ್ತಿ ತರಬೇತಿ, ಭೂಬಳಕೆ ಯೋಜನೆ ಮುಂತಾದವನ್ನು. ಯಾವುದೇ ಗವರ್ನರನ್ನು ಅಳೆಯುವುದಾದರೆ ಈ ಪಟ್ಟಿ ಹಿಡಿದು ಅಳೆಯಬೇಕು. ಉದ್ಘಾಟನೆಯ ಚಿತ್ರದಲ್ಲಿ ಯಾರು ಕತ್ತರಿ ಹಿಡಿದಿದ್ದರು ಎಂಬುದು ಸಾಕ್ಷ್ಯವಲ್ಲ.

ಆಸ್ಪತ್ರೆ ಮತ್ತು ಪಟ್ಟಣಗಳ ವಿಷಯದಲ್ಲಿ ಅವರಿಗೆ ಎಷ್ಟು ಅಂಕ ಕೊಡುತ್ತೀರಿ?

ಪಾಸು, ಆದರೆ ಪ್ರಥಮ ದರ್ಜೆಯಲ್ಲ. ಕೌಂಟಿ ವ್ಯವಸ್ಥೆ ಬರುವ ಮುನ್ನ ಒಳನಾಡಿನ ಎಷ್ಟೋ ರೋಗಿಗಳು ನೈರೋಬಿಯವರೆಗೆ ಹೋಗಬೇಕಾಗುತ್ತಿತ್ತು. ಈಗ ದವಾಖಾನೆಗಳ ಜಾಲ ಬೆಳೆದಿದೆ. ಎನ್‌ಗಾಂಗ್ ಮತ್ತು ಕಾಜಿಯಾಡೊ ಪಟ್ಟಣಗಳಿಗೆ ಪುರಸಭೆಯ ಸ್ಥಾನ ಬಂದು, ವಿಶ್ವಬ್ಯಾಂಕ್ ನೆರವಿನ ನಗರ ಯೋಜನೆಯಲ್ಲಿ ರಸ್ತೆ, ಚರಂಡಿ ಕಂಡವು. ಕಟ್ಟಡ ಏಳುವ ವೇಗದಲ್ಲಿ ವೈದ್ಯರು, ಔಷಧ ಬರುವುದಿಲ್ಲ ಎಂಬ ದೂರು ಮಾತ್ರ ಅಲ್ಲಿಯೂ ಇದೆ. ಕಿಟೆಂಗೆಲಾ, ರೊಂಗಾಯ್‌ಗಳಲ್ಲಿ ಬಹುಮಹಡಿ ಮನೆಗಳು ಮೊದಲು ಬಂದವು, ಒಳಚರಂಡಿಯ ಯೋಚನೆ ಆಮೇಲೆ ಬಂತು. ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಿಲಿಮಾಂಜಾರೊ ಬುಡದಲ್ಲಿದ್ದೂ ನೀರಿಗೆ ಬರವೇಕೆ?

ನೀರು ಇದೆ, ಹರಿದು ಹೋಗುತ್ತದೆ. ಲೊಯ್ಟೊಕಿಟೊಕ್ ಬಳಿಯ ನೊಲ್ಟುರೆಶ್ ಬುಗ್ಗೆಗಳಿಂದ ಹೊರಟ ಉದ್ದನೆಯ ಕೊಳವೆಮಾರ್ಗ ಮಾಸಾಯಿ ಬಯಲನ್ನು ದಾಟಿ ಪಕ್ಕದ ಕೌಂಟಿಯ ಮಚಾಕೋಸ್, ಅಥಿ ರಿವರ್ ಪಟ್ಟಣಗಳ ಕಡೆಗೆ ಸಾಗುತ್ತದೆ. ಮನೆ ಮುಂದೆ ಕೊಳವೆ, ಕೊಡದಲ್ಲಿ ನೀರಿಲ್ಲ. ಕೊಳವೆಯನ್ನು ಅಲ್ಲಲ್ಲಿ ಒಡೆದು ದನಗಳಿಗೆ ನೀರುಣಿಸುವುದು ಹಳೆಯ ಕಥೆ. ಮೂಲದ ಕೌಂಟಿಗೆ ಮೊದಲ ಹಕ್ಕು ಎಂದು ಕಾಜಿಯಾಡೊ ನಾಯಕರು ಪಟ್ಟು ಹಿಡಿದಿದ್ದಾರೆ. ಆದರೆ ಕೌಂಟಿಗಳ ಗಡಿ ದಾಟುವ ನೀರು ಗವರ್ನರ್ ಒಬ್ಬರ ಸಹಿಗೆ ತಿರುಗುವುದಿಲ್ಲ. ಅವರ ಕೈಯಲ್ಲಿ ಉಳಿಯುವುದು ಕೊಳವೆಬಾವಿ ಮತ್ತು ದನಗಳಿಗಾಗಿ ತೋಡುವ ಕಟ್ಟೆ. 2022ರ ಭೀಕರ ಬರಗಾಲದಲ್ಲಿ ಆ ಕಟ್ಟೆಗಳೂ ಬತ್ತಿದವು, ಹಟ್ಟಿ ಹಟ್ಟಿಗಳಲ್ಲಿ ದನಗಳು ಸತ್ತುಬಿದ್ದವು. ಬರ ಬಂತೆಂದರೆ ಸೊರಗಿದ ದನಗಳನ್ನು ಹೊಡೆದುಕೊಂಡು ಮಾಸಾಯಿ ಯುವಕರು ನೈರೋಬಿಯ ರಸ್ತೆ ಬದಿಯ ಹುಲ್ಲಿಗೆ ಬರುತ್ತಾರೆ. ರಾಜಧಾನಿಯವರು ಅದನ್ನು ಸಂಚಾರ ಸಮಸ್ಯೆ ಎನ್ನುತ್ತಾರೆ.

ಅಂಬೋಸೆಲಿಯಂಥ ಉದ್ಯಾನವಿದ್ದೂ ಕೌಂಟಿಗೆ ಹಣವಿಲ್ಲ ಎಂದರೆ ನಂಬುವುದು ಹೇಗೆ?

ಪಕ್ಕದ ನರೋಕ್ ಕೌಂಟಿಯನ್ನು ನೋಡಿ. ಮಾಸಾಯಿ ಮಾರಾ ‘ರಾಷ್ಟ್ರೀಯ ಮೀಸಲು’ ಎಂದು ಕರೆಸಿಕೊಂಡರೂ ಅದರ ಪ್ರವೇಶ ಶುಲ್ಕ ಕೌಂಟಿಯ ಬೊಕ್ಕಸಕ್ಕೆ ಹೋಗುತ್ತದೆ. 2024ರಿಂದ ವಲಸೆ ಪ್ರಾಣಿಗಳ ಋತುವಿನಲ್ಲಿ ವಿದೇಶಿ ಪ್ರವಾಸಿಗೆ ದಿನಕ್ಕೆ 200 ಡಾಲರ್! ಅಂಬೋಸೆಲಿ 1974ರಿಂದ ರಾಷ್ಟ್ರೀಯ ಉದ್ಯಾನ. ಅದರ ಹಣ ಹೋದದ್ದು ಕೇಂದ್ರದ ವನ್ಯಜೀವಿ ಸಂಸ್ಥೆಗೆ. ಆನೆಗಳು ಮೇಯುವುದು ಮಾತ್ರ ಸುತ್ತಲಿನ ಮಾಸಾಯಿ ನೆಲದಲ್ಲೂ, ಏಕೆಂದರೆ ಉದ್ಯಾನ 392 ಚದರ ಕಿಲೋಮೀಟರ್ ಅಷ್ಟೇ.

2005ರಲ್ಲಿ ಸಂವಿಧಾನದ ಜನಮತಗಣನೆ ಹತ್ತಿರ ಬಂದಾಗ ಅಧ್ಯಕ್ಷ ಕಿಬಾಕಿ ಸರ್ಕಾರ ಅಂಬೋಸೆಲಿಯನ್ನು ಸ್ಥಳೀಯ ಆಡಳಿತಕ್ಕೆ ಬರೆದುಕೊಟ್ಟಿತು. ಕಾನೂನು ಕ್ರಮ ಪಾಲಿಸಿಲ್ಲವೆಂದು ನ್ಯಾಯಾಲಯ ಅದನ್ನು ರದ್ದುಮಾಡಿತು. ರುಟೊ ಅಧ್ಯಕ್ಷರಾದ ಮೇಲೆ ಹಸ್ತಾಂತರದ ಪ್ರಕ್ರಿಯೆ ಮತ್ತೆ ಚಾಲನೆ ಪಡೆಯಿತು. ಎದುರು ಪಕ್ಷದ ಗವರ್ನರಾಗಿದ್ದೂ ಲೆಂಕು ಇದರ ಬೆನ್ನು ಬಿಡಲಿಲ್ಲ. ಉದ್ಯಾನ ಕೌಂಟಿಯದಾದರೆ ಹಣ ಬರುತ್ತದೆ. ಆ ಹಣ ಆನೆಯೊಂದಿಗೆ ಬದುಕುವ ಹಟ್ಟಿಗಳಿಗೆ ತಲುಪುತ್ತದೆಯೇ ಎಂಬ ಪ್ರಶ್ನೆಗೆ ನರೋಕ್‌ನ ಅನುಭವ ಸಮಾಧಾನ ಕೊಡುವಂಥದ್ದಲ್ಲ. ಮಾರಾ ಹಣದ ದುರ್ಬಳಕೆಯ ಆರೋಪದ ಮೇಲೆ 2015ರ ಜನವರಿಯಲ್ಲಿ ಅಲ್ಲಿನ ಮಾಸಾಯಿಗಳೇ ತಮ್ಮ ಗವರ್ನರ್ ವಿರುದ್ಧ ಬೀದಿಗಿಳಿದಾಗ ಪೊಲೀಸರ ಗುಂಡಿಗೆ ಸಾವು ಸಂಭವಿಸಿತ್ತು.

ಭಾಗ 4: ನೆಲದ ಪ್ರಶ್ನೆ

ಮಾಸಾಯಿಗಳು ಭೂಮಿ ಮಾರಿಕೊಂಡರೆ ಗವರ್ನರ್ ಏನು ಮಾಡಲು ಸಾಧ್ಯ?

ಇದೇ ನನ್ನ ಪ್ರಕಾರ ಕಾಜಿಯಾಡೊದ ನಿಜವಾದ ಪರೀಕ್ಷೆ. ಲೆಂಕು ಅವರ ಆಡಳಿತವನ್ನು ನಾನು ಅಳೆಯುವುದೂ ಇಲ್ಲಿಯೇ.

ಹಿನ್ನೆಲೆ ಹೀಗಿದೆ. 1968ರ ಕಾಯ್ದೆಯಡಿ ಮಾಸಾಯಿ ಬಯಲನ್ನು ‘ಗ್ರೂಪ್ ರ‍್ಯಾಂಚ್’ಗಳಾಗಿ ವಿಂಗಡಿಸಿ, ನೋಂದಾಯಿತ ಕುಟುಂಬಗಳಿಗೆ ಜಂಟಿ ಒಡೆತನ ಕೊಟ್ಟರು. 1980ರ ದಶಕದಿಂದ ಅವು ತುಂಡಾಗತೊಡಗಿದವು. ಹಕ್ಕುಪತ್ರ ಕೈಗೆ ಬಂದ ಮನೆಯ ಯಜಮಾನ ಮಗನ ಶಾಲಾ ಶುಲ್ಕಕ್ಕೆ ಐದು ಎಕರೆ, ಬರದ ವರ್ಷಕ್ಕೆ ಹತ್ತು ಎಕರೆ ಎಂದು ಮಾರಿದ; ಹೆಂಡತಿಗೆ ಗೊತ್ತಾಗುವಷ್ಟರಲ್ಲಿ ಬೇಲಿ ಎದ್ದಿತ್ತು. ದನಗಳು ಮಳೆಯ ಹಿಂದೆ ಹೋಗುವ ಪ್ರಾಣಿಗಳು. ನೂರು ಎಕರೆ ಸ್ವಂತದ್ದಾದರೂ ಆ ನೂರರ ಮೇಲೆ ಮಳೆ ಬೀಳದಿದ್ದರೆ ಸಾಯುತ್ತವೆ. ಹೀಗಾಗಿ ಇಲ್ಲಿ ಬೇಲಿ ಎಂದರೆ ಆಸ್ತಿಯ ಗುರುತಿಗಿಂತ ಹೆಚ್ಚಾಗಿ ದಾರಿಯ ತಡೆ.

ಮೊದಲ ಗವರ್ನರ್ ಎನ್ಕೆಡಿಯಾನೆ ಇದನ್ನು ಹತ್ತಿರದಿಂದ ಬಲ್ಲವರು. ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿದವರು, ಕಿಟೆಂಗೆಲಾ ಭಾಗದ ಭೂಮಾಲೀಕರ ಸಂಘಟನೆಯಲ್ಲಿ ದುಡಿದವರು. ಆ ಭಾಗದಲ್ಲಿ 2000ದಲ್ಲಿ ಶುರುವಾದ ಒಂದು ಯೋಜನೆ ಗಮನಾರ್ಹ: ಬೇಲಿ ಹಾಕದೆ, ಮಾರದೆ ನೆಲವನ್ನು ದನ ಮತ್ತು ವನ್ಯಪ್ರಾಣಿಗಳಿಗೆ ಬಿಟ್ಟವರಿಗೆ ಎಕರೆಗೆ ವರ್ಷಕ್ಕೆ 4 ಡಾಲರ್. ಹಣವನ್ನು ಶಾಲಾ ಶುಲ್ಕ ಕಟ್ಟುವ ಸಮಯಕ್ಕೆ ಸರಿಯಾಗಿ ಮೂರು ಕಂತುಗಳಲ್ಲಿ, ಮನೆಯವರ ಎದುರಲ್ಲೇ ಕೊಡುತ್ತಿದ್ದರು. ಭೂಮಿ ಯಾಕೆ ಮಾರುತ್ತಾರೆ ಎಂಬುದನ್ನು ಅರಿತವರು ಮಾಡಿದ ಲೆಕ್ಕಾಚಾರ ಅದು. ಆದರೆ ಕಿಟೆಂಗೆಲಾದಲ್ಲಿ ನಿವೇಶನದ ಬೆಲೆ ಏರಿದ ಮೇಲೆ 4 ಡಾಲರ್ ಯಾವ ಲೆಕ್ಕಕ್ಕೆ?

ಲೆಂಕು ಅವಧಿಯ ಮುಖ್ಯ ಹೆಜ್ಜೆ 2019ರಿಂದ 2029ರವರೆಗಿನ ಕೌಂಟಿಯ ಭೂಬಳಕೆ ಯೋಜನೆ. ಎಲ್ಲಿ ಪಟ್ಟಣ, ಎಲ್ಲಿ ಬೇಸಾಯ, ಎಲ್ಲಿ ಮೇವು, ಎಲ್ಲಿ ವನ್ಯಪ್ರಾಣಿಗಳ ದಾರಿ ಎಂದು ಗೆರೆ ಎಳೆಯುವ ಕಾಗದವದು. ಉದ್ಘಾಟನೆಗೆ ಒದಗದ, ಮತ ತರದ ಕೆಲಸ; ಅವರ ಲೆಕ್ಕದಲ್ಲಿ ನಾನು ಮೇಲಿಡುವುದು ಇದನ್ನೇ. ದುರ್ಬಲ ಕೊಂಡಿ ಎಂದರೆ ಜಾರಿ. ಭೂಮಿಯ ನೋಂದಣಿ ರಾಷ್ಟ್ರೀಯ ಸರ್ಕಾರದ ಕೈಯಲ್ಲಿದೆ, ಕಟ್ಟಡ ಪರವಾನಗಿಯ ಶುಲ್ಕ ಕೌಂಟಿಯ ಆದಾಯ. ಪರವಾನಗಿ ತಡೆದರೆ ಬೊಕ್ಕಸ ಬರಿದು, ಕೊಟ್ಟರೆ ಬಯಲು ಬರಿದು.

ಗೆರೆ ಎಳೆದ ಮಾತ್ರಕ್ಕೆ ಯಾರಾದರೂ ನಿಲ್ಲಿಸಿದ ಉದಾಹರಣೆ ಇದೆಯೇ?

ಇದೆ. ಅಂಬೋಸೆಲಿಗೂ ತ್ಸಾವೊ ಉದ್ಯಾನಕ್ಕೂ ನಡುವೆ ಆನೆಗಳು ಓಡಾಡುವ ಕಿಮಾನಾ ದಾರಿಯ ಬಳಿ ಕಂಪನಿಯೊಂದು 180 ಎಕರೆಯಲ್ಲಿ ಬೆಣ್ಣೆಹಣ್ಣಿನ ತೋಟಕ್ಕೆ ಬೇಲಿ ಹಾಕಿತು. ಸುತ್ತಲಿನ ಮಾಸಾಯಿ ಭೂಮಾಲೀಕರು, ಪರಿಸರ ಸಂಘಟನೆಗಳು ತಕರಾರು ಎತ್ತಿದವು. ರಾಷ್ಟ್ರೀಯ ಪರಿಸರ ಪ್ರಾಧಿಕಾರ 2020ರಲ್ಲಿ ಪರವಾನಗಿ ಹಿಂಪಡೆಯಿತು, 2021ರಲ್ಲಿ ಪರಿಸರ ನ್ಯಾಯಮಂಡಳಿ ಅದನ್ನು ಎತ್ತಿಹಿಡಿಯಿತು. ಆ ಪ್ರದೇಶ ಮೇವು ಮತ್ತು ವನ್ಯಜೀವಿಗೆ ಮೀಸಲು ಎಂದು ಅಂಬೋಸೆಲಿ ನಿರ್ವಹಣಾ ಯೋಜನೆಯಲ್ಲಿ ಬರೆದಿದ್ದುದು ವಾದಕ್ಕೆ ಬಲ ಕೊಟ್ಟಿತು. ಮೊದಲ ಪರವಾನಗಿ ಸಿಕ್ಕಿದ್ದಾದರೂ ಹೇಗೆ ಎಂದು ಅಲ್ಲಿಯವರು ಕೇಳಿದ್ದು ನ್ಯಾಯವೇ.

ಟಾಟಾ ಕಂಪನಿಯ ಮೇಲಿನ ತೆರಿಗೆ ಜಗಳ ಏನು?

ಮಗಾಡಿ ಸರೋವರದ ಸೋಡಾ ಬೂದಿಯನ್ನು (ಗಾಜು, ಮಾರ್ಜಕಗಳ ತಯಾರಿಕೆಗೆ ಬಳಸುವ ಖನಿಜ) ನೂರು ವರ್ಷಗಳಿಂದ ತೆಗೆಯುತ್ತಿದ್ದಾರೆ. 1911ರ ಒಪ್ಪಂದದ ಕಾಲದ ನೆಲವದು. ಬ್ರಿಟನ್ನಿನ ಬ್ರನ್ನರ್ ಮಾಂಡ್ ಕಂಪನಿಯನ್ನು ಕೊಂಡಾಗ, ಅಂದರೆ 2005–06ರ ಹೊತ್ತಿಗೆ, ಮಗಾಡಿ ಟಾಟಾ ಕೆಮಿಕಲ್ಸ್ ತೆಕ್ಕೆಗೆ ಬಂತು. ಲೆಂಕು ಆಡಳಿತ ಭೂಕಂದಾಯದ ಬಾಕಿ ಎಂದು ಸಾವಿರ ಕೋಟಿ ಶಿಲ್ಲಿಂಗ್‌ಗೂ ಮೀರಿದ ಬೇಡಿಕೆ ಇಟ್ಟಿತು. ಕಂಪನಿ ನ್ಯಾಯಾಲಯದ ಮೆಟ್ಟಿಲೇರಿತು. ಗುತ್ತಿಗೆಯ ಅಷ್ಟೂ ನೆಲಕ್ಕೆ ಕಂದಾಯ ಹಾಕುವುದು ನ್ಯಾಯವೇ, ಗುತ್ತಿಗೆ ನವೀಕರಣದಲ್ಲಿ ಸ್ಥಳೀಯರ ಪಾಲೆಷ್ಟು ಎಂಬುವು ಜಗಳದ ತಿರುಳು. ಮಗಾಡಿಯ ಜನರಿಗೆ ನೀರು, ಆಸ್ಪತ್ರೆ, ಶಾಲೆ, ರೈಲು ಎಲ್ಲವೂ ದಶಕಗಳ ಕಾಲ ಕಂಪನಿಯಿಂದಲೇ ಬಂದದ್ದರಿಂದ, ಕಂದಾಯ ಕೇಳುವ ಕೌಂಟಿಯ ಪರ ಎಲ್ಲರೂ ಒಂದೇ ದನಿಯಲ್ಲಿ ನಿಲ್ಲಲಿಲ್ಲ. ಬೇಡಿಕೆಯ ಮೊತ್ತ ಅತಿಯಾಯಿತು ಎನ್ನುವವರಿಗೂ ತತ್ವದಲ್ಲಿ ಲೆಂಕು ಸರಿ ಎನಿಸಿದರೆ ಆಶ್ಚರ್ಯವಿಲ್ಲ. ನಾನೂ ಆ ಗುಂಪಿನವನೇ.

ಕೌಂಟಿಯ ಖರ್ಚುವೆಚ್ಚವನ್ನು ಹೊರಗಿನವರು ಪರಿಶೀಲಿಸುವುದು ಹೇಗೆ?

ಕೆನ್ಯಾದ ಬಜೆಟ್ ನಿಯಂತ್ರಕರು ಮೂರು ತಿಂಗಳಿಗೊಮ್ಮೆ ಪ್ರತಿ ಕೌಂಟಿಯ ವರದಿ ಪ್ರಕಟಿಸುತ್ತಾರೆ, ಮಹಾಲೆಕ್ಕಪರಿಶೋಧಕರು ವರ್ಷಕ್ಕೊಮ್ಮೆ. ವರದಿಯಲ್ಲಿ ಮೂರು ಕಡೆ ಕಣ್ಣು ಹಾಯಿಸಿ. ಅಭಿವೃದ್ಧಿಗೆ ಕನಿಷ್ಠ ಶೇ 30 ಇಡಬೇಕೆಂದು 2012ರ ಹಣಕಾಸು ನಿರ್ವಹಣಾ ಕಾಯ್ದೆ ಹೇಳುತ್ತದೆ. ಇಟ್ಟದ್ದಷ್ಟೇ ಅಲ್ಲ, ಖರ್ಚಾದದ್ದೆಷ್ಟು ನೋಡಿ. ಗುತ್ತಿಗೆದಾರರಿಗೆ ಬಾಕಿ ಉಳಿದ ಬಿಲ್ಲುಗಳ ಮೊತ್ತ ನೋಡಿ. ಸ್ವಂತ ಆದಾಯದ ಗುರಿಗೂ ವಸೂಲಿಗೂ ಇರುವ ಅಂತರ ನೋಡಿ, ಏಕೆಂದರೆ ನೈರೋಬಿಗೆ ಅಂಟಿಕೊಂಡ ಕೌಂಟಿಗೆ ಕಂದಾಯ ಬರುವುದಿಲ್ಲ ಎಂಬ ನೆಪ ನಡೆಯುವುದಿಲ್ಲ.

2027ರಲ್ಲಿ ಅವರು ಮತ್ತೆ ನಿಲ್ಲಬಹುದೇ?

ಗವರ್ನರ್ ಸ್ಥಾನಕ್ಕೆ ಇಲ್ಲ. ಎರಡು ಅವಧಿ ಮುಗಿಯುತ್ತದೆ. ಸೆನೆಟ್‌ಗೋ ಸಂಸತ್ತಿನ ಕೆಳಮನೆಗೋ ಸ್ಪರ್ಧಿಸಲು ಅಡ್ಡಿಯಿಲ್ಲ. ಮುಂದೆ ಬರುವವರ ಮೇಜಿನ ಮೇಲೆ ಅಂಬೋಸೆಲಿಯ ಹಣ ಹಂಚಿಕೆ, ಮಗಾಡಿಯ ಕಂದಾಯ, ಇನ್ನೂ ತುಂಡಾಗದೆ ಉಳಿದಿರುವ ದಕ್ಷಿಣದ ಜಂಟಿ ನೆಲಗಳು ಕಾದಿರುತ್ತವೆ. ಭೂಬಳಕೆ ಯೋಜನೆಯ ಅವಧಿ ಮುಗಿಯುವುದು 2029ಕ್ಕೆ. ಅದನ್ನು ಪರಿಷ್ಕರಿಸುವವರು ಆ ಮುಂದಿನ ಗವರ್ನರೇ.